ಮೊಮ್ಮಗಳ ಹಣ್ಣು ರೋಗಿಯ ಹೊಟ್ಟೆಯಲ್ಲಿ

ನಾನು ಅಜ್ಜಿಯಾದೆ!

ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕದ್ದೆಲ್ಲ ಆಮೇಲೆ. ಕಮಲಾಪುರದ ತವರಿನಲ್ಲಿ ನನ್ನ ಸೊಸೆ ಹೆಣ್ಣು ಹೆತ್ತಿದ್ದಾಳೆ. ಬಾಣಂತಿ, ಕೂಸು ಇಬ್ಬರೂ ಆರಾಮ. ಕೂಸಿಗೆ ತಲೆತುಂಬ ಕರೀ ಕೂದಲಂತೆ. ಕಣ್ಣು ನನ್ನ ಮಗನದಂತೆ. ಮೂಗು ನನ್ನದಂತೆ. (ಪಾಪ, ಅದೊಂದು ಬೇರೆ ಯಾರದಾದರೂ ಆಗಬಹುದಿತ್ತು.)

"ಅಂತೆ, ಅಂತೆ" ಎಂದು ಯಾಕೆ ಬರೆಯುತ್ತಿದ್ದೇನೆ? ನಾನಿನ್ನೂ ಆ ಕೂಸಿನ ಮುಖ ನೋಡಿಲ್ಲ. ಹುಟ್ಟಿ ಹದಿನೈದು ದಿನವಾಯಿತು. ಕಲಬುರಗಿಯಿಂದ ಕಮಲಾಪುರವೇನು ಕಾಶಿಯೇ? ಮುಂಜಾನೆ ಮೋಟಾರು ಹತ್ತಿದರೆ ಊಟದ ಹೊತ್ತಿಗೆ ಅಲ್ಲಿರುತ್ತೇನೆ. ಆದರೂ ಹೋಗಲಾಗಿಲ್ಲ. ತಪ್ಪು ನನ್ನದೇ. ಅದನ್ನೇ ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೂರು ವಾರದ ಹಿಂದೆ ಪತ್ರಿಕೆಯ ಇದೇ ಜಾಗದಲ್ಲಿ ನಿಮ್ಮನ್ನೆಲ್ಲ ಬೈದದ್ದು ನೆನಪಿದೆಯೇ? ದವಾಖಾನೆಗೆ ಬರುವಾಗ ಸೆರಗಿನಲ್ಲಿ ರೊಟ್ಟಿ ಮುಚ್ಚಿಕೊಂಡು ಬರುತ್ತೀರಿ, ಟೋಪಿಯೊಳಗೆ ಕುದಿಸಿದ ತತ್ತಿ ಇಟ್ಟುಕೊಂಡು ಬರುತ್ತೀರಿ, ಹೊಟ್ಟೆ ಕೊಯ್ಯಿಸಿಕೊಂಡು ಮಲಗಿದವನ ಬಾಯಿಗೆ ಮಜ್ಜಿಗೆ ಹನಿಸುತ್ತೀರಿ, ನಿಮಗೆ ಬುದ್ಧಿ ಇದೆಯೇ ಅಂತ ಕೇಳಿದ್ದೆ. ಅದನ್ನು ಓದಿದ ಗೃಹಸ್ಥರೊಬ್ಬರು ಜಗತ್ ಚೌಕದ ಹತ್ತಿರ ನನ್ನನ್ನು ನಿಲ್ಲಿಸಿ, "ಬಾಯಾರ, ಭಾಳ ಖಾರ ಬರದೀರಿ" ಅಂದರು. ಎರಡು ದಿನ ಅದೇ ಹೆಮ್ಮೆಯಲ್ಲಿ ಓಡಾಡಿದೆ.

ಈಗ ನೀವು ಬೈಯಿರಿ. ನಾನು ಕೂತು ಕೇಳುತ್ತೇನೆ. (ಕೂತು ಎನ್ನುವ ಮಾತು ಬರೆಯುವಾಗಲೇ ನನ್ನ ಕಾಲಿಗೆ ಹಿತವಾಗುತ್ತಿದೆ.)

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಶಾಲೆ ಕಲಿತದ್ದು ನಾಲ್ಕನೇ ಇಯತ್ತೆ, ಅಷ್ಟೇ. ಗಂಡ ತೀರಿಕೊಂಡ ಮೇಲೆ ಆಯಾ ಆಗಿ ದವಾಖಾನೆಗೆ ಸೇರಿದೆ. ಹೊಲಸು ಬಳಿಯುತ್ತ ಡ್ರೆಸ್ಸಿಂಗ್ ಕಲಿತೆ, ಡ್ರೆಸ್ಸಿಂಗ್ ಮಾಡುತ್ತ ಥರ್ಮಾಮೀಟರ್ ಓದುವುದು ಕಲಿತೆ. ಪರೀಕ್ಷೆ ಬಾಯಿಮಾತಿನಲ್ಲೇ ಆಯಿತು. ಈಗ ರಿಜಿಸ್ಟರಿನಲ್ಲಿ ಹೆಸರುಳ್ಳ ನರ್ಸು. ಮೂವತ್ತು ಹಾಸಿಗೆಯ ವಾರ್ಡು ನನ್ನದು. ಎಡಗಡೆ ಜ್ವರದವರು, ಬಲಗಡೆ ಕೊಯ್ಯಿಸಿಕೊಂಡವರು, ನಡುವೆ ನಾನು. ಹಗಲೆಲ್ಲ ನಡೆದರೂ ವಾರ್ಡು ಮುಗಿಯುವುದಿಲ್ಲ. ಯಾರಿಗೋ ನೀರು, ಯಾರಿಗೋ ಪಾಟು, ಯಾರಿಗೋ ಸಮಾಧಾನ. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಟ್ಟರೆ ಅದರ ಪಟ್ಟಿ ಪಾದದ ಮೇಲೆ ಅಚ್ಚೊತ್ತಿರುತ್ತದೆ.

ನಮ್ಮ ವಾರ್ಡಿನಲ್ಲಿ ಒಂದು ರೂಢಿ ಉಂಟು. ಆಪರೇಷನ್ ದಿನ ನಸುಕಿನಲ್ಲೇ ಆ ರೋಗಿಯ ಮಂಚದ ಕಾಲಿಗೆ ಕೆಂಪು ಚಿಂದಿ ಕಟ್ಟುತ್ತೇವೆ. "ಬಾಯಿ ಬಂದ್" ಎಂದು ಅದರ ಅರ್ಥ. ಅನ್ನ ಇಲ್ಲ, ನೀರೂ ಇಲ್ಲ. ಹೊಟ್ಟೆಯಲ್ಲಿ ಏನಾದರೂ ಇರುವಾಗ ಕ್ಲೋರೋಫಾರ್ಮ್ ಕೊಟ್ಟರೆ ಮೈಮೇಲೆ ಎಚ್ಚರವಿಲ್ಲದಾಗ ವಾಂತಿಯಾಗುತ್ತದೆ, ಅದು ಉಸಿರಿನ ದಾರಿಗೆ ಇಳಿಯುತ್ತದೆ. ಓದಲು ಬಾರದವರಿಗೂ ಚಿಂದಿ ತಿಳಿಯುತ್ತದೆ. ಅದನ್ನು ಕಟ್ಟುವವಳು ನಾನು. ಬಿಚ್ಚುವವಳೂ ನಾನೇ.

ಆ ಗುರುವಾರ ಹನ್ನೊಂದನೇ ಹಾಸಿಗೆಗೆ ಕಟ್ಟಿದ್ದೆ. ಅಲ್ಲಿ ಮಲಗಿದ್ದವನು ಖಾಸಿಂಸಾಬ, ಶಹಾಬಜಾರದಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು. ಮೂತ್ರಚೀಲದಲ್ಲಿ ಕಲ್ಲು. ಒಂದು ಸಲ ಹೊರಗೆ ಹೋಗಿಬರಬೇಕೆಂದರೆ ಗೋಡೆ ಹಿಡಿದುಕೊಂಡು ಅಳುತ್ತಿದ್ದ. ಕಲ್ಲಿನ ಆಪರೇಷನ್ ನಮ್ಮಲ್ಲಿ ಗುರುವಾರ ಮಾತ್ರ.

ನನ್ನ ರುಕ್ಸತ್ತೂ ಆ ಕಲ್ಲಿಗೇ ಗಂಟುಬಿದ್ದಿತ್ತು. ಸೊಸೆಗೆ ದಿನ ತುಂಬಿವೆ ಅಂತ ರಜೆ ಕೇಳಿದಾಗ ಡಾಕ್ಟರ್ ಸಾಹೇಬರು ಹೇಳಿದ್ದರು: "ಕಲ್ಲಿನ ಮರೀಜಗ ರಬ್ಬರ್ ನಳಗಿ ಹಾಕ್ತೀನಿ. ಅದನ್ನ ತೊಳಿಯೋ ಕೈ ನಿಮ್ಮದೊಂದೇ ಅದ. ಒಂದು ವಾರ ನೋಡ್ಕೋರಿ, ಆಮ್ಯಾಲ ನಾಕ್ ದಿನ ರುಕ್ಸತ್ ತಗೋರಿ."

ಆ ಗುರುವಾರ ಮುಂಜಾನೆ ಏಳರ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ನಮ್ಮ ಬೀಗರು ಬಂದು ನಿಂತರು. ಗುರುಬಸಪ್ಪನವರು, ಸೊಸೆಯ ತಂದೆ. ಕಮಲಾಪುರದಲ್ಲಿ ಬಾಳೆತೋಟ ಇದೆ. ತಲೆಯ ಮೇಲೆ ಬುಟ್ಟಿ, ಮುಖದ ತುಂಬ ಹಲ್ಲು.

"ಬೀಗತೇರ! ಕೈಯಾಗಿಂದು ಮೊದ್ಲ ಕೆಳಗ ಇಡ್ರಿ." (ನನ್ನ ಕೈಯಲ್ಲಿ ಏನಿತ್ತೆಂದು ಬರೆಯುವುದಿಲ್ಲ. ನೀವು ಊಟಕ್ಕೆ ಕೂತಿರಬಹುದು.)

"ಇಟ್ಟೆ. ಹೇಳ್ರಿ."

"ಹೆಣ್ಣ ಹುಟ್ಟ್ಯದ. ರವಿವಾರ."

"ರವಿವಾರ ಹುಟ್ಟಿದ್ದು ಗುರುವಾರ ಹೇಳಾಕ ಬಂದೀರೇನ್ರಿ?"

"ಹಣ್ಣ ಮಾಗಬೇಕಲ್ಲರೀ! ಬರೇ ಕೈಲೆ ಬಂದ್ರ ನಿಮ್ಮ ಬಾಯಿಗೆ ಯಾರ ಸಿಗಬೇಕು?"

ಬುಟ್ಟಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. ಒಂದೊಂದೂ ನನ್ನ ಮುಂಗೈ ದಪ್ಪ. ಹದಿಮೂರನೇ ದಿನಕ್ಕೆ, ಅಂದರೆ ಮುಂದಿನ ಶುಕ್ರವಾರ, ತೊಟ್ಟಿಲು. "ಕುಂಚಿಗಿ ಹೊಲಿದು ಇಟ್ಟೀರಿ ಹೌದಿಲ್ಲ? ಅಜ್ಜಿ ಕೈಯಿಂದನ ಹಾಕಬೇಕು, ಮತ್ತ ಡ್ಯೂಟಿ ಅದ ಅಂದೀರಿ!" ಎಂದು ಹೇಳಿ ಬೀಗರು ಹೋದರು. ಕೂಸಿನ ತಲೆಗೆ ಹಾಕುವ ಕುಂಚಿಗೆ ಹೊಲಿದು ತಿಂಗಳಾಗಿತ್ತು. ಹಸಿರು ಖಣದ್ದು. ಈ ಗುರುವಾರ ಆಪರೇಷನ್, ಬರುವ ಗುರುವಾರಕ್ಕೆ ವಾರ, ಮರುದಿನ ತೊಟ್ಟಿಲು. ನನಗಾಗಿಯೇ ಯಾರೋ ಜೋಡಿಸಿಟ್ಟ ಹಾಗಿತ್ತು.

ಮನೆಯಲ್ಲಿ ಕೂಸು ಹುಟ್ಟಿದರೆ ಬಾಯಿ ಸಿಹಿ ಮಾಡದೆ ಇರುವುದುಂಟೇ? ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹೊರಟೆ. ಹಾಸಿಗೆಗೊಂದು ಹಣ್ಣು. ಎಡಗಡೆ ಎಚ್ಚರದಿಂದಲೇ ಹಂಚಿದೆ. ಟೈಫಾಯ್ಡಿನ ಇಬ್ಬರನ್ನು ಬಿಟ್ಟೆ. ಬಲಗಡೆಗೆ ತಿರುಗುವ ಹೊತ್ತಿಗೆ ಕೂದಲಿನ ವಿಷಯ ಮುಗಿದು ಮೂಗಿನ ವಿಷಯ ಶುರುವಾಗಿತ್ತು. ಒಂಬತ್ತನೆಯವನು ನಕ್ಕ, ಹತ್ತನೆಯವನು ಹರಸಿದ. ಹನ್ನೊಂದು, ಹನ್ನೆರಡು, ಹದಿಮೂರು... ಕಾಲು ನೋಯುತ್ತಿರಲಿಲ್ಲ. ನಿಜ ಹೇಳುತ್ತೇನೆ, ಎಷ್ಟೋ ವರ್ಷದ ಮೇಲೆ ಆ ವಾರ್ಡಿನಲ್ಲಿ ನನ್ನ ಕಾಲು ನೋಯುತ್ತಿರಲಿಲ್ಲ.

ಹತ್ತು ಗಂಟೆಗೆ ಸ್ಟ್ರೆಚರ್ ಬಂತು. ಖಾಸಿಂಸಾಬನ ಅಂಗಿ ಬದಲಿಸಲು ಬಗ್ಗಿದೆ. ಶೇಂಗಾ ಹಿಂಡಿಯ ವಾಸನೆ ಬಂತು. ಮಂಚದ ಕೆಳಗೆ ಕೆಂಪಗೆ ಏನೋ ಬಿದ್ದಿತ್ತು. ಚಿಂದಿ ಬಿಚ್ಚಿತೇನೋ ಎಂದು ನೋಡಿದೆ. ಚಿಂದಿ ಇದ್ದಲ್ಲೇ ಇತ್ತು. ಬಿದ್ದದ್ದು ಬಾಳೆಹಣ್ಣಿನ ಸಿಪ್ಪೆ.

"ಖಾಸಿಂಸಾಬ, ಏನ್ ತಿಂದಿ?"

"ನೀವೇ ಕೊಟ್ರಲ್ಲರೀ ಬಾಯಾರ."

"ನಾ ಕೊಟ್ರ ತಿನ್ನಬೇಕೇನೋ? ಬಾಯಿ ಬಂದ್ ಅಂತ ನಸುಕಿನ್ಯಾಗ ನಾನ ಹೇಳಿಲ್ಲೇನು?"

"ಬಂದ್ ಮಾಡಿದವ್ರೂ ನೀವೇ, ಹಣ್ಣ ಕೈಯಾಗ ಇಟ್ಟವ್ರೂ ನೀವೇ. ಖುಲಾ ಆತು ಅಂದ್ಕೊಂಡ್ನಿರೀ."

ಅವನ ಹೆಂಡತಿ ಬೀಬವ್ವ ತಲೆಯ ಮೇಲಿನ ಸೆರಗು ಎಳೆದುಕೊಂಡು ಮುಂದೆ ಬಂದಳು. "ಹಣ್ಣ ತಿಂದ ಮ್ಯಾಲ ಹಸಿವು ಜಾಸ್ತಿ ಆತು ಅಂದ್ರುರೀ. ಒಂದೂವರಿ ರೊಟ್ಟಿ, ಶೇಂಗಾ ಹಿಂಡಿ ಹಚ್ಚಿ ಕೊಟ್ಟೆ. ಬಾಯಾರೇ ತಿನ್ನಂದಾರ ಅಂದ ಮ್ಯಾಲ ನಾ ಯಾಕ ಬ್ಯಾಡ ಅನ್ಲಿ?"

ಯಾರನ್ನು ಬೈಯಲಿ? ಮೂರು ವಾರದ ಹಿಂದೆ ಬರೆದದ್ದೆಲ್ಲ ನನ್ನ ಬೆನ್ನ ಹಿಂದೆ ನಿಂತು ನಕ್ಕ ಹಾಗಾಯಿತು.

ಸಿಪ್ಪೆ ಎತ್ತಿಕೊಂಡೆ. ಏಪ್ರನ್ನಿನ ಕಿಸೆಯಲ್ಲಿ ತುರುಕಿದೆ. ಯಾಕೆ ತುರುಕಿದೆ? ಕಸದ ಡಬ್ಬಿ ಎರಡು ಹೆಜ್ಜೆಯಲ್ಲಿತ್ತು. ನಿಮ್ಮಿಂದ ಯಾಕೆ ಮುಚ್ಚಿಡಲಿ, ಸಾಹೇಬರ ಕಣ್ಣಿಗೆ ಬೀಳದಿರಲೆಂದೇ ತುರುಕಿದೆ.

ವಾರ್ಡಿನಿಂದ ಆಪರೇಷನ್ ಕೋಣೆಗೆ ನಡುವೆ ಒಂದು ಪಡಸಾಲೆ. ಸ್ಟ್ರೆಚರ್ ಹೊತ್ತವರು ಮುಂದೆ, ನಾನು ಪಕ್ಕದಲ್ಲಿ. ಆ ನಾಲ್ಕು ಮಾರಿನಲ್ಲಿ ಮನಸ್ಸು ಏನೇನು ಹೇಳಿತು ಗೊತ್ತೇ? ಎಲ್ಲರೂ ವಾಂತಿ ಮಾಡುತ್ತಾರೇನು? ಇವನು ಗಟ್ಟಿಮುಟ್ಟಾದ ಆಳು. ಹೇಳಿದರೆ ಆಪರೇಷನ್ ಮುಂದಿನ ಗುರುವಾರಕ್ಕೆ ಹೋಗುತ್ತದೆ, ಮರುದಿನವೇ ತೊಟ್ಟಿಲು, ನಳಿಗೆ ತೊಳೆಯುವವಳನ್ನು ಯಾರು ಬಿಡುತ್ತಾರೆ? ಸುಮ್ಮನಿರು. ಹಸಿರು ಕುಂಚಿಗೆ ನೆನಪು ಮಾಡಿಕೋ.

ಕುಂಚಿಗೆ ನೆನಪಾಯಿತು. ಜೊತೆಗೇ ಇನ್ನೊಬ್ಬನೂ ನೆನಪಾದ. ಹಿಂದೊಮ್ಮೆ ಹೀಗೇ ಯಾರೋ ಕದ್ದು ಉಣಿಸಿದ್ದರು. ಮೇಜಿನ ಮೇಲೆ ಮುಖ ನೀಲಿಯಾಯಿತು. ಅವನ ತಲೆ ಹಿಡಿದುಕೊಂಡವಳು ನಾನೇ. ಹೊರಗೆ ಅವನ ಅವ್ವ ಕೂತಿದ್ದಳು.

ಬಾಗಿಲಲ್ಲಿ ಸಾಹೇಬರು ಕೈ ತೊಳೆಯುತ್ತಿದ್ದರು. ಕ್ಲೋರೋಫಾರ್ಮ್ ಕೊಡುವವರು ಬಾಟಲಿ ಹಿಡಿದು ಸಿದ್ಧರಾಗಿದ್ದರು.

"ಮರೀಜ್ ತಯಾರ್?"

ನಾನು ಕಿಸೆಯಿಂದ ಸಿಪ್ಪೆ ತೆಗೆದು ಅವರ ಮುಂದೆ ಹಿಡಿದೆ.

"ಇದೇನ್ರಿ ಬಾಯಾರ?"

"ನನ್ನ ಮೊಮ್ಮಗಳ ಹಣ್ರೀ ಸಾಹೇಬ್ರ. ಮರೀಜನ ಹೊಟ್ಟ್ಯಾಗ ಅದ. ನಾನ ಕೊಟ್ಟೀನಿ. ಅದರ ಮ್ಯಾಲ ಒಂದೂವರಿ ರೊಟ್ಟಿನೂ ಅದ."

ಸಾಹೇಬರು ಸಿಪ್ಪೆ ನೋಡಿದರು, ನನ್ನನ್ನು ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕೈ ಒರೆಸಿಕೊಂಡರು.

"ಮೊಮ್ಮಗಳು ಮುಬಾರಕ್. ಆಪರೇಷನ್ ಮುಂದಿನ ಗುರುವಾರ." ಎರಡು ಹೆಜ್ಜೆ ಹೋಗಿ ತಿರುಗಿದರು. "ನಿಮ್ಮ ರುಕ್ಸತ್..."

"ಗೊತ್ತದ್ರೀ ಸಾಹೇಬ್ರ."

ನನ್ನ ದುಃಖ ಇರಲಿ ಬಿಡಿ. ಖಾಸಿಂಸಾಬ ಇನ್ನೂ ಏಳು ದಿನ ಗೋಡೆ ಹಿಡಿದು ಅತ್ತ. ಒಂದೊಂದು ಸಲ ಅವನು ಅತ್ತಾಗಲೂ ನಾನು ವಾರ್ಡಿನ ಆಚೆ ತುದಿಗೆ ಹೋಗಿ ಚಾದರ ಮಡಿಸುತ್ತಿದ್ದೆ. ಅವನು ನನಗೊಂದು ಮಾತು ಆಡಲಿಲ್ಲ. ಬೀಬವ್ವ ಮಾತ್ರ ಬಿಡಲಿಲ್ಲ. "ಬರೋ ಗುರುವಾರ ನಿಮ್ಮ ಮನ್ಯಾಗ ಮತ್ತ್ಯಾರೂ ಹಡಿಯಾಂಗಿಲ್ಲಲ್ರೀ ಬಾಯಾರ?" ಎಂದು ದಿನಾ ಕೇಳುತ್ತಿದ್ದಳು. ವಾರ್ಡಿಗೆ ವಾರ್ಡೇ ನಗುತ್ತಿತ್ತು. ನಾನೂ ನಕ್ಕೆ. ಅಳುವುದಕ್ಕೆ ಪುರಸೊತ್ತು ಬೇಕು.

ಮುಂದಿನ ಗುರುವಾರ ಮತ್ತೆ ಚಿಂದಿ ಕಟ್ಟಿದೆ. ಈ ಸಲ ಹತ್ತನೆಯವನೂ ಹನ್ನೆರಡನೆಯವನೂ ನಾನು ಹೇಳದೆಯೇ ಅವನ ಬಾಯಿ ಕಾದರು. ಕಲ್ಲು ಹೊರಬಂತು. ಪಾರಿವಾಳದ ತತ್ತಿಯಷ್ಟು. ಎಚ್ಚರವಾದ ಕೂಡಲೇ ಅವನು ಅದನ್ನೇ ಕೇಳಿದ. ಬೀಬವ್ವ ಆ ಕಲ್ಲನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ಶುಕ್ರವಾರ ನನ್ನ ಮಗ ಕುಂಚಿಗೆ ತೆಗೆದುಕೊಂಡು, ತಂಗಿಯನ್ನು ಕರೆದುಕೊಂಡು ಕಮಲಾಪುರಕ್ಕೆ ಹೋದ. ಹೆಸರಿಡುವವಳು ಸೋದರತ್ತೆಯಲ್ಲವೇ, ಅವಳಾದರೂ ಹೋಗಲೇಬೇಕು. ಮಧ್ಯಾಹ್ನ ಅಲ್ಲಿ ತೊಟ್ಟಿಲು ತೂಗುವ ಹೊತ್ತಿನಲ್ಲಿ ನಾನು ಹನ್ನೊಂದನೇ ಹಾಸಿಗೆಯ ಪಕ್ಕದಲ್ಲಿ ಬಗ್ಗಿಕೊಂಡು ರಬ್ಬರ್ ನಳಿಗೆ ತೊಳೆಯುತ್ತಿದ್ದೆ. ಸೊಂಟ ಹಿಡಿದುಕೊಂಡಿತ್ತು. ಕಾಲು ಎಂದಿನ ಹಾಗೆ.

"ಬಾಯಾರ," ಖಾಸಿಂಸಾಬ ಮೆಲ್ಲಗೆ ಅಂದ, "ಇವತ್ತಲ್ಲರೀ ಹೆಸರಿಡೋದು? ಏನಿಟ್ರು?"

"ನನಗೇನ್ ಗೊತ್ತಪ. ನಾ ಇಲ್ಲಿದ್ದೀನಲ್ಲ."

ಅವನು ಹೆಂಡತಿಯ ಕಡೆ ನೋಡಿದ. ಬೀಬವ್ವ ಎದ್ದು ಬಂದಳು. ಕೈಯಲ್ಲಿ ಒಂದು ಕಾಗದದ ಪುಡಿಕೆ. "ಬಾಯಿ ತಗೀರಿ" ಅಂದಳು.

"ನನ್ನ ಕೈ ಹೊಲಸದಾವ ಬೀಬವ್ವ."

"ಕೈ ಯಾರ್ ಕೇಳ್ಯಾರ? ಬಾಯಿ ತಗೀರಿ. ಇವತ್ತ ನಿಮ್ಮ ಮಂಚಕ್ಕ ಚಿಂದಿ ಕಟ್ಟಿಲ್ಲ ಹೌದಿಲ್ಲ?"

ಬಾಯಿಗೆ ಸಕ್ಕರೆ ಹಾಕಿದಳು. ಏಳು ದಿನ ಗಂಡನ ಅಳು ಕೇಳಿಸಿಕೊಂಡವಳು. ನಾನು ನಳಿಗೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕೂಸಿನ ಹೆಸರು ನೀಲವ್ವ. ನನ್ನ ಅವ್ವನ ಹೆಸರು. ಮರುದಿನ ಮಗ ಬಂದು ಹೇಳಿದ. ಕುಂಚಿಗೆ ಸ್ವಲ್ಪ ದೊಡ್ಡದಾಯಿತಂತೆ, ಮೂಗಿನ ತನಕ ಇಳಿಯಿತಂತೆ. (ಮೂಗು ಮುಚ್ಚಿತಲ್ಲ, ಒಳ್ಳೆಯದೇ ಆಯಿತು.)

ಮೂರು ವಾರದ ಹಿಂದೆ ಬೈದದ್ದನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ರೊಟ್ಟಿ ತರಬೇಡಿ ಅಂದರೆ ತರಬೇಡಿ. ಆದರೆ ಸೆರಗಿನಲ್ಲಿ ರೊಟ್ಟಿ ಮುಚ್ಚಿಕೊಂಡು ಬರುವ ಹೆಣ್ಣುಮಗಳನ್ನು ಕಂಡರೆ ಈಗ ನನ್ನ ದನಿ ಮೊದಲಿನಷ್ಟು ಏರುವುದಿಲ್ಲ. ಅವಳೂ ಪ್ರೀತಿಯಿಂದಲೇ ತರುತ್ತಾಳೆ, ನಾನೂ ಪ್ರೀತಿಯಿಂದಲೇ ಕೊಟ್ಟೆ. ವ್ಯತ್ಯಾಸ ಒಂದೇ. ಅವಳು ಕೊಟ್ಟರೆ ರೋಗಿ ಆಚೆ ಈಚೆ ನೋಡಿ ತಿನ್ನುತ್ತಾನೆ, ನಾವು ಕೊಟ್ಟರೆ ಕಣ್ಣು ಮುಚ್ಚಿ ನುಂಗುತ್ತಾನೆ. ನಮ್ಮ ಮೇಲೆ ಅಷ್ಟು ಭರವಸೆ. ಆ ಭರವಸೆ ಹೊತ್ತುಕೊಂಡು ನಿಂತು ನಿಂತೇ ನಮ್ಮ ಕಾಲು ಬಾತಿವೆಯೋ ಏನೋ.

ಖಾಸಿಂಸಾಬನ ನಳಿಗೆ ಬರುವ ಗುರುವಾರ ತೆಗೆಯುತ್ತಾರಂತೆ. ಆದರೆ ನಿನ್ನೆ ಹದಿನಾಲ್ಕನೇ ಹಾಸಿಗೆಗೆ ಇನ್ನೊಬ್ಬ ಕಲ್ಲಿನವನು ಬಂದು ಮಲಗಿದ್ದಾನೆ.

ನೀಲವ್ವನಿಗೆ ಹಲ್ಲು ಬರುವುದರೊಳಗಾದರೂ ನನಗೆ ರುಕ್ಸತ್ ಬಂದೀತೇ?