ಸಮುದ್ರ ಕಂಡ ಗಳ

ಮೊನ್ನೆ ಅಟ್ಟದ ಸಾಮಾನು ಇಳಿಸುವಾಗ ಹಳೆಯ ಫ್ಲಾಸ್ಕೊಂದು ಸಿಕ್ಕಿತು. ಈಗಿನವುಗಳ ಹಾಗೆ ತಿರುಪುವ ಮುಚ್ಚಳವಲ್ಲ, ಬೆಂಡಿನ ಬಿರಡೆ. ಅದನ್ನು ಕಿತ್ತು ಮೂಗಿಗೆ ಹಿಡಿದೆನೋ ಇಲ್ಲವೋ, ಕಿವಿ ಬಿಸಿಯಾಯಿತು. ವಾಸನೆಗೆ ಬಾಯಲ್ಲಿ ನೀರೂರುವವರನ್ನು ನೀವು ನೋಡಿರುತ್ತೀರಿ. ನನಗೆ ಬರುವುದು ನಾಚಿಕೆ. ಹಳೆಯ ಬೆಂಡಿನ ವಾಸನೆ ಬಡಿದರೆ ಸಾಕು, ರಾಜಾಜಿನಗರದ ನಮ್ಮ ಹಿತ್ತಿಲಲ್ಲಿ ಗಾಳದ ಗಳ ಹಿಡಿದು ಬೆಪ್ಪನ ಹಾಗೆ ನಿಂತುಬಿಡುತ್ತೇನೆ.

ಐವತ್ತರ ದಶಕದ ಮಾತು. ರಾಜಾಜಿನಗರ ಆಗ ಇತ್ತ ಊರೂ ಅಲ್ಲ, ಅತ್ತ ಹೊಲವೂ ಅಲ್ಲ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಕಲ್ಲುಗಳ ನಡುವೆ ದನ ಮೇಯುತ್ತಿದ್ದವು. ಅಪ್ಪ ನಾಯಂಡಹಳ್ಳಿಯ ಜಮೀನಿನಲ್ಲಿ ಒಂದು ತುಂಡು ಮಾರಿ ಅಲ್ಲಿ ಮನೆ ಕಟ್ಟಿಸಿದ್ದ. ನಾನು ಕಾರ್ಖಾನೆಯೊಂದರಲ್ಲಿ ಗುಮಾಸ್ತ. ನಮ್ಮ ಅಧಿಕಾರಿ ಕಾರವಾರದವರು. ರಜೆಗೆ ಊರಿಗೆ ಹೋದರೆ ಸಮುದ್ರದಲ್ಲಿ ಮೊಣಕಾಲು ನೀರಿಗಿಳಿದು, ಎರೆಹುಳುವಿನ ಗೊಡವೆಯಿಲ್ಲದೆ, ಕೊಕ್ಕೆಗೆ ಪುಕ್ಕವನ್ನೋ ಬಣ್ಣದ ದಾರವನ್ನೋ ಕಟ್ಟಿ, ಅದು ಹುಳದ ಹಾಗೆ ಹಾರುವಂತೆ ಬೀಸಿ ಮೀನು ಹಿಡಿಯುತ್ತಿದ್ದರು. "ಈ ದಸರಾಕ್ಕೆ ನೀವೂ ಬನ್ನಿ. ಗಳ ಮಾತ್ರ ನಿಮ್ಮದೇ ಇರಲಿ" ಎಂದರು. ಸಮುದ್ರವನ್ನೇ ಕಾಣದ ನಾನು ಅಂದಿನಿಂದಲೇ ಮೀಸೆ ತಿರುವತೊಡಗಿದೆ.

ದಂಡಿನ, ಅಂದರೆ ಕಂಟೋನ್ಮೆಂಟಿನ, ದೊಡ್ಡ ಅಂಗಡಿಯಲ್ಲಿ ಹೊಸ ಗಳಗಳು ಗಾಜಿನ ಹಿಂದೆ ನಿಂತಿದ್ದವು. ಬೆಲೆ ಕೇಳಿ, ಕೊಳ್ಳುವವನ ಹಾಗೆ ಇನ್ನಷ್ಟು ಹೊತ್ತು ನೋಡಿ, ಬಣ್ಣ ಹಿಡಿಸಲಿಲ್ಲವೆಂದು ಹೇಳಿ ಹೊರಗೆ ಬಂದೆ. ಅಧಿಕಾರಿಗಳು ಬುದ್ಧಿ ಹೇಳಿದರು: "ರೀಲಿನ ಹೊಳಪಿಗೆ ದುಡ್ಡು ಸುರಿಯಬೇಡಿ. ಉಪ್ಪುನೀರಿಗೆ ತುಕ್ಕು ಹಿಡಿಯದ ಉಂಗುರ ಇರಬೇಕು, ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುವ ಬೆನ್ನು ಇರಬೇಕು. ಅಷ್ಟೇ." ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಊರು ಬಿಟ್ಟುಹೋದ ಬಿಳಿಯರ ಸಾಮಾನು ಮಾರುತ್ತಿದ್ದ ಸಾಬರೊಬ್ಬರ ಗುಜರಿಗೆ ಹೋದೆ. ಸೀಳುಬಿದಿರಿನ ಗಳ, ಹಿತ್ತಾಳೆಯ ರೀಲು, ಅದರ ತುಂಬ ರೇಷ್ಮೆ ದಾರ, ಜೊತೆಗೆ ನಾಲ್ಕು ಕೊಕ್ಕೆ. ಸಾಬರು ಬೆಂಡಿನ ಹಿಡಿಯನ್ನು ನನ್ನ ಮೂಗಿಗೇ ತಂದು, "ವಾಸ್ನೆ ನೋಡಿ ಸಾರ್, ಸಮುದ್ರ ಕಂಡಿರೋ ಮಾಲು" ಎಂದರು. ಬೆಂಡಿನ ಒಳಗಿಂದ ಮೀನು ಇನ್ನೂ ನಾರುತ್ತಿತ್ತು. ಚೌಕಾಸಿ ಮಾಡಿ, ಕೇಳಿದ್ದರ ಅರ್ಧಕ್ಕೆ ತಂದೆ.

ಅಪ್ಪ ನಂಬಲಿಲ್ಲ. "ಬಿಳೀ ಜನದ ಸಾಮಾನು ಸಸ್ತಾ ಇರ್ತದಾ? ಯಾರ ಕಣ್ಣಿಗೆ ಮಣ್ಣೆರಚ್ತೀಯ? ಕೆಂಗೇರಿ ಕೆರೆಗೆ ಬಿದಿರುಕಡ್ಡಿ ಸಾಲ್ದಾಗಿತ್ತೇನ್ಲಾ?" ಎಂದು ವಾರವೆಲ್ಲ ಮುದ್ದೆ ಮುರಿಯುವಾಗೆಲ್ಲ ಕೇಳಿದ. ನಾನು ದುಂದುಗಾರನಲ್ಲ ಎಂದು ಆಣೆಯಿಡುವುದರಲ್ಲೇ ನನ್ನ ಊಟ ಮುಗಿಯುತ್ತಿತ್ತು.

ಬೀಸುವುದನ್ನು ಕಲಿಯಬೇಕಿತ್ತಲ್ಲ. ಯಾರೂ ನೋಡದಿರಲೆಂದು ಬೆಳಕು ಹರಿಯುವ ಹೊತ್ತಿಗೆ ಹಿತ್ತಿಲಿಗೆ ಹೋಗುತ್ತಿದ್ದೆ. ಗಿಡ್ಡ ಗೋಡೆಯ ಆಚೆಗೆ ಗೋದಮ್ಮನವರ ತುಳಸಿಕಟ್ಟೆ. ಮಗನ ಮನೆಯಲ್ಲಿದ್ದ ಮಡಿ ಹೆಂಗಸು. ನಮ್ಮ ಪಾತ್ರೆಗೆ ಉಪ್ಪಿನಕಾಯಿಯನ್ನು ಮುಟ್ಟದೆ ಮೇಲಿಂದಲೇ ಹಾಕುವರು, ಆದರೆ ಬೇಡವೆಂದರೂ ಇನ್ನೊಂದು ಸೌಟು ಹಾಕುವರು. ಏಕಾದಶಿಯ ದಿನ ತೊಟ್ಟು ನೀರೂ ಇಲ್ಲ. ಮರುದಿನ ದ್ವಾದಶಿ ಕಳೆಯುವುದರೊಳಗೆ ಪೂಜೆ ಮುಗಿಸಿ ಉಣ್ಣಬೇಕು. ಕೆಲವು ಸಲ ಆ ಹೊತ್ತು ಬೆಳಗಾಗುತ್ತಲೇ ತೀರಿಹೋಗುತ್ತಿತ್ತು.

ಅಂಥದೊಂದು ಬೆಳಿಗ್ಗೆ ನಾನು, ಕೊಕ್ಕೆಗೆ ಕೆಂಪು ದಾರ ಕಟ್ಟಿ, ಸಮುದ್ರವೇ ಎದುರಿಗಿದೆ ಎಂದುಕೊಂಡು ಬಲವಾಗಿ ಬೀಸಿದೆ. ಗಾಳಿ ತಿರುಗಿತು. ದಾರ ಗೋಡೆ ದಾಟಿತು. ತುಳಸಿಗೆ ನೀರೆರೆಯಲು ಬಂದಿದ್ದ ಗೋದಮ್ಮನವರ ಸೆರಗಿಗೆ ಕೊಕ್ಕೆ ಸಿಕ್ಕಿಕೊಂಡಿತು. ಈಚೆ ನಾನು, ಆಚೆ ಅವರು, ನಡುವೆ ಬಿಗಿದು ನಿಂತ ದಾರ. ಸದ್ದು ಕೇಳಿ ಅಪ್ಪ ಬೇವಿನಕಡ್ಡಿ ಕಚ್ಚಿಕೊಂಡು ಬಾಗಿಲಿಗೆ ಬಂದ.

ಗೋದಮ್ಮನವರು ಕಿರುಚಲಿಲ್ಲ. ಚೊಂಬು ಕೆಳಗಿಟ್ಟು, ದಾರವನ್ನು ಕಣ್ಣು ಕಿರಿದು ಮಾಡಿ ನೋಡಿದರು. ಒಳಗೆ ಅಡಿಗೆಯಾಗಿತ್ತು, ಎಲೆ ಹಾಕಿಯಾಗಿತ್ತು.

"ಇದು ರೇಷ್ಮೆ ಅಲ್ವೇನೋ?"

"ಹೌದಮ್ಮ."

"ರೇಷ್ಮೆಗೆ ಮೈಲಿಗೆ ಇಲ್ಲ. ಹೊಸದು ತಾನೇ? ಮೀನು ಗೀನು ಮುಟ್ಟಿಲ್ಲ ತಾನೇ?"

ಹೊಸದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಕಂಡದ್ದು ಅಪ್ಪನ ಮುಖವೊಂದೇ. "ಹೊಸದಾ? ಎಲ್ಲಾದ್ರೂ ಉಂಟಾ! ಹೊಸದಕ್ಕೆ ಅಷ್ಟೊಂದು ದುಡ್ಡು ಯಾರು ಸುರೀತಾರೆ? ಸೆಕೆಂಡ್ ಹ್ಯಾಂಡ್ ಕಣಮ್ಮ. ದೊರೆ ಒಬ್ಬ ವರ್ಷಗಟ್ಟಲೆ ಸಮುದ್ರದ ಮೀನು ಹಿಡಿದು ಬಿಟ್ಟುಹೋದದ್ದು. ಬೇಕಾದ್ರೆ ಮೂಸಿ ನೋಡಿ, ಇನ್ನೂ ವಾಸನೆ ಇದೆ!" ಎಂದು ಹಿಡಿಯನ್ನು ಗೋಡೆಯ ಮೇಲೆ ಚಾಚಿದೆ. ಹೌದು, ಚಾಚಿದೆ.

"ಹಂಗಾರೆ ನಿಜವಾಗ್ಲೂ ಸಸ್ತಾನೇ ಕಣ್ಲಾ" ಎಂದ ಅಪ್ಪ, ಕಡ್ಡಿ ತೆಗೆದು.

ಅಷ್ಟು ಹೊತ್ತಿಗೆ ಗೋದಮ್ಮನವರು ಕೊಕ್ಕೆ ಬಿಡಿಸಿಕೊಂಡು ಬಾವಿಯ ಕಡೆ ತಿರುಗಿದ್ದರು. ಕೊಡದ ಮೇಲೆ ಕೊಡ ತಣ್ಣೀರು ಸುರಿದುಕೊಳ್ಳುವ ಸದ್ದು ನಮ್ಮ ಹಿತ್ತಿಲಿಗೆ ಕೇಳಿಸುತ್ತಿತ್ತು. ಅವರು ಒದ್ದೆ ಸೀರೆಯಲ್ಲಿ ಮತ್ತೆ ತುಳಸಿಗೆ ಬರುವಾಗ ಬಿಸಿಲು ಕಟ್ಟೆ ಹತ್ತಿತ್ತು. ಹೊತ್ತು ಮೀರಿತ್ತು. ತೀರ್ಥ ತೆಗೆದುಕೊಂಡು, ಹಾಕಿದ್ದ ಎಲೆ ಎತ್ತಿಸಿದರಂತೆ. ಮಗ ಎಷ್ಟು ಹೇಳಿದರೂ ಆ ದಿನವೂ ಉಣ್ಣಲಿಲ್ಲ.

ಸಂಜೆ ಅಮ್ಮ ನನ್ನನ್ನು ಬೈದು ಕಳಿಸಿದಳು. ಗೋದಮ್ಮನವರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ತಪ್ಪಾಯಿತು ಎಂದೆ. ಆ ಮಾತು ನನಗೇ ಸಪ್ಪೆಯಾಗಿ ಕೇಳಿಸಿತು.

"ಅಲ್ಲ ಕಣೋ, ರೇಷ್ಮೆ ಅಂತ ನಾನೇ ಅಂದೆ. ಹೊಸದು ಅಂತಾನೂ ನಾನೇ ಅಂದೆ. ನೀನು ಹೂಂ ಅನ್ನೋದೊಂದು ಬಾಕಿ ಇತ್ತು. ಅದನ್ನೂ ನಾನೇ ಅನ್ಬೇಕಿತ್ತಾ?" ಆಮೇಲೆ ಮುಖ ಆ ಕಡೆ ಮಾಡಿ ಮೆಲ್ಲಗೆ, "ಹಸಿವು ಕಣೋ" ಎಂದರು.

ನಿಜ ಹೇಳಿದ್ದೆನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಅವತ್ತೇ ನೋಡಿದೆ, ಆಗಲಿಲ್ಲ. ನಾನು ಹೇಳಿದ್ದು ನಿಜವಲ್ಲ, ಅಪ್ಪನಿಗೆ ಒಪ್ಪಿಸಿದ ಲೆಕ್ಕ. ನಾನು ಕಾರವಾರಕ್ಕೆ ಹೋಗಲಿಲ್ಲ. ಗಳವನ್ನು ಅಪ್ಪ ಅವರೆಬಳ್ಳಿಗೆ ಊರುಗೋಲು ಮಾಡಿದ. ಅದು ತುದಿಯಲ್ಲಿ ಬಾಗಿ ಗೋಡೆಯಾಚೆ ಇಣುಕಿದಾಗಲೆಲ್ಲ ನಾನೇ ಹೋಗಿ ಈಚೆ ಎಳೆದು ಕಟ್ಟುತ್ತಿದ್ದೆ.

ಫ್ಲಾಸ್ಕನ್ನು ಹೆಂಡತಿ ಬಿಸಿನೀರು, ಹುಣಿಸೆಹಣ್ಣು ಹಾಕಿ ಉಜ್ಜಿ ಉಜ್ಜಿ ತೊಳೆದಳು. ಅವಳ ತವರಿನದಂತೆ, ಅವಳಪ್ಪ ಕೊಟ್ಟದ್ದು. ಸಂಜೆ ಅದರಿಂದಲೇ ಕಾಫಿ ಬಗ್ಗಿಸಿ ನನ್ನ ಮುಂದಿಟ್ಟು, ಬಿರಡೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

"ವಾಸನೆ ಏನೂ ಇಲ್ಲ ತಾನೇ?"

ಒಂದು ಗುಟುಕು ಕುಡಿದೆ. ಬಾಯಿತುಂಬ ಬರೀ ಬೆಂಡಿನ ವಾಸನೆ.

"ಇಲ್ಲ ಕಣೇ" ಎಂದೆ. "ಹೊಸದರ ಹಾಗಿದೆ."

ಅವಳು ಬಿರಡೆ ಹಾಕಿ ಫ್ಲಾಸ್ಕನ್ನು ಒಳಗೆ ಇಡಲು ಹೋದಳು. ನಾನು ಆ ಕಾಫಿಯನ್ನು ತಳ ಕಾಣುವವರೆಗೂ ಕುಡಿದೆ.