ಹನ್ನೊಂದನೇ ಪ್ರಶ್ನೆಗೆ ಹೆಂಡತಿಯ ಉತ್ತರ

‘ಬೇರೆಯವರು ಮುಗಿಸಿದ ಕೆಲಸವನ್ನು ನೀವು ಮತ್ತೆ ಮಾಡುತ್ತೀರಾ?’ ಹನ್ನೊಂದನೇ ಪ್ರಶ್ನೆ ಓದಿ ‘ಎಂದೂ ಇಲ್ಲ’ ಎಂಬಲ್ಲಿ ಗುರುತು ಹಾಕಿದೆ. ಎಲ್ಲವೂ ಒಂದಿಷ್ಟೂ ತಪ್ಪಿಲ್ಲದೆ ಇರಬೇಕೆಂಬ ಹಟ ಜನರಲ್ಲಿ ಎಷ್ಟಿದೆಯೆಂದು ಅಳೆಯಲು, ಮನಶ್ಶಾಸ್ತ್ರ ಓದುವ ಮೈಸೂರಿನ ಹುಡುಗಿಯೊಬ್ಬಳು ಸೈಕ್ಲೋಸ್ಟೈಲ್ ಮಾಡಿದ ಪ್ರಶ್ನೆಗಳ ಹಾಳೆ ಹಿಡಿದು ದೊಡ್ಡಗಾಜನೂರಿನ ನಮ್ಮ ಜಗಲಿಗೆ ಬಂದಿದ್ದಳು. ಮೇಷ್ಟ್ರಾದ ನನಗೆ ಅದು ಪರೀಕ್ಷೆಯೇ. ಹೆಚ್ಚು ಅಂಕ ಬಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಎರಡು ಸಲ ಕೇಳಿದೆ, ‘ಮೊದಲು ತುಂಬಿ ಸಾರ್’ ಎಂದಳು.

ಹಾಳೆ ಇಣುಕಿ ನೋಡಿದ ನನ್ನ ಹೆಂಡತಿ, “ಸುಳ್ಳು ಕಣವ್ವ. ನಾ ಅಸನು ಮಾಡಿಟ್ಟ ರಾಗಿಯ ತಿರ್ಗಾ ಮೊರಕ್ಕೆ ಸುರ್ಕಂಡು ಕಲ್ಲು ಉಡುಕ್ತಾರೆ. ಇವ್ರು ಮನೇಲಿದ್ರೆ ನಾ ಮೊರ ಮುಟ್ಟದನ್ನೇ ಬುಟ್ಬುಟ್ಟಿವ್ನಿ” ಎಂದಳು.

“ಒಂದಾದರೂ ಕಲ್ಲು ಸಿಕ್ಕಿದೆಯಾ ಸಾರ್?” ಎಂದಳು ಹುಡುಗಿ.

ಇಪ್ಪತ್ತು ವರ್ಷದ್ದನ್ನೆಲ್ಲ ನೆನಪು ಮಾಡಿಕೊಂಡೆ. ಒಂದೂ ಸಿಕ್ಕಿರಲಿಲ್ಲ. ಹೆಂಡತಿಯ ಮುಖದಲ್ಲಿ ನಗುವಿರಲಿಲ್ಲ. ಗುರುತು ಹೊಡೆದುಹಾಕಿ ‘ಯಾವಾಗಲೂ’ ಎಂಬಲ್ಲಿ ಹಾಕಿದೆ. ಹಾಳೆ ಗಲೀಜಾಯಿತೆಂದು ಹೊಸದೊಂದನ್ನು ಕೇಳಿ ಪಡೆದು, ಮೊದಲಿನಿಂದ ಎಲ್ಲವನ್ನೂ ತುಂಬಿಕೊಟ್ಟೆ.

ನನಗೆ ಎಷ್ಟು ಅಂಕ ಬಂತೋ ಇವತ್ತಿಗೂ ಗೊತ್ತಿಲ್ಲ. ಹೆಂಡತಿ ಈಗ ನನ್ನೆದುರೇ ಮೊರ ಹಿಡಿಯುತ್ತಾಳೆ, ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ. ಮುದ್ದೆ ಬಾಯಿಗಿಟ್ಟಾಗ ಮಾತ್ರ ನಾಲಿಗೆ ಇನ್ನೂ ಕಲ್ಲು ಹುಡುಕುತ್ತದೆ.