ಕಂಡೋಲೆನ್ಸಿನ ವ್ಯುತ್ಪತ್ತಿ

ಕಂಡೋಲೆನ್ಸ್ ಎಂಬ ಶಬ್ದ ರಾಮಕುಂಜಕ್ಕೆ ಬರುವ ಮೊದಲೂ ಅಲ್ಲಿ ಜನ ಸಾಯುತ್ತಿದ್ದರು, ಉಳಿದವರು ಅಳುತ್ತಿದ್ದರು. ಆದರೆ ಅದಕ್ಕೊಂದು ಮೀಟಿಂಗು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ನಮ್ಮ ಹೆಡ್‌ಮಾಸ್ಟರರಿಗೆ, ಐವತ್ತರ ದಶಕದ ಕೊನೆಯಲ್ಲಿ, ಡ್ರಿಲ್ ಮಾಸ್ಟ್ರು ಬಾಬು ಗೌಡರು ತೀರಿಕೊಂಡಾಗ. ನಾನಾಗ ಆ ಶಾಲೆಗೆ ಹೊಸದಾಗಿ ಸೇರಿದ ಲೆಕ್ಕದ ಮೇಷ್ಟ್ರು.

ಸಭೆ ಸೇರಿತು. ಮಕ್ಕಳಿಗೆ ಮೊದಲು ಶಬ್ದದ ಅರ್ಥ ತಿಳಿಯಲಿ ಎಂದು ಹೆಡ್‌ಮಾಸ್ಟರರು ಇಂಗ್ಲಿಷ್ ಮೇಷ್ಟ್ರನ್ನು ಎಬ್ಬಿಸಿದರು. ಅವರು ಕೋಟಿನ ಗುಂಡಿ ಹಾಕಿಕೊಂಡು, ಇದು ಲ್ಯಾಟಿನ್ ಮೂಲದ್ದು, 'ಕಾನ್' ಎಂದರೆ ಜೊತೆಗೆ, 'ಡೊಲೇರೆ' ಎಂದರೆ ದುಃಖಿಸುವುದು ಎಂದರು. ಅಲ್ಲಿಗೆ ಕೂತಿದ್ದರೆ ಆಗುತ್ತಿತ್ತು. ಅವರು ಲ್ಯಾಟಿನ್ನಿನ ಹಿರಿಮೆಗೆ ಕೈಹಾಕಿದರು. ಕನ್ನಡ ಪಂಡಿತರು ಎದ್ದರು.

"ಲ್ಯಾಟಿನ್ ಎಂತಕ್ಕೆ ಮಾರಾಯ್ರೆ? ಸಂಸ್ಕೃತದಲ್ಲೇ ಉಂಟಲ್ಲ. 'ಕಂ' ಅಂದ್ರೆ ತಲೆ, 'ದೋಲನ' ಅಂದ್ರೆ ತೂಗುದು. ಸತ್ತವರ ಮನೆಯಲ್ಲಿ ಜನ ತಲೆ ತೂಗುದು ನೀವು ನೋಡಿಲ್ವಾ?"

"ಜನ ತಲೆ ತೂಗುದು ಯಕ್ಷಗಾನದಲ್ಲಿ," ಎಂದರು ಇಂಗ್ಲಿಷ್ ಮೇಷ್ಟ್ರು.

ಒಬ್ಬರು ರೋಮಿಗೆ ಹೋದರು, ಇನ್ನೊಬ್ಬರು ಪಾಣಿನಿಯ ಹತ್ತಿರ. ಇಬ್ಬರೂ ಮರಳುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಮಕ್ಕಳು ಎದ್ದು ಓಡಿದರು. ಸಿಟ್ಟಾದ ಹೆಡ್‌ಮಾಸ್ಟರರು, ದುಃಖ ಹೇಳಿ ಬನ್ನಿ ಎಂದು ಮರುದಿನ ಇಬ್ಬರನ್ನೂ ಇಚಿಲಂಪಾಡಿಯಲ್ಲಿದ್ದ ಬಾಬು ಗೌಡರ ಮನೆಗೆ ಕಳಿಸಿದರು. ದಾರಿಯಲ್ಲಿ ಹೊಡೆದಾಡಿಕೊಳ್ಳದಂತೆ ನಡುವೆ ನಾನು.

ಗೌಡರ ಹೆಂಡತಿ ದೇವಕಿಯಮ್ಮ ನೀರು, ಬೆಲ್ಲ ತಂದಿಟ್ಟು ಬಾಗಿಲ ಪಕ್ಕ ಕೂತರು. ಅಲ್ಲಿಂದಲೇ ಕೇಳಿದರು: "ನಿನ್ನೆ ಶಾಲೆಯಲ್ಲಿ ದೊಡ್ಡ ಸಭೆ ಆಯ್ತಂತೆ. ಇವರ ವಿಷಯ ಎಂತ ಮಾತಾಡಿದ್ರಿ?"

ಮಾತಿನ ಮಲ್ಲರಿಬ್ಬರೂ ಬೆಲ್ಲಕ್ಕೆ ಕೈಹಾಕಿದರು. ಗೌಡರ ಹೆಸರನ್ನೇ ಯಾರೂ ಎತ್ತಿರಲಿಲ್ಲ.

ಕೊನೆಗೆ ಪಂಡಿತರು ಮೆಲ್ಲಗೆ ಬಾಯಿಬಿಟ್ಟರು. "ಮಳೆಗಾಲದಲ್ಲಿ ನೀರು ತುಂಬಿದ ತೋಡು ದಾಟ್ಲಿಕ್ಕೆ ನನಗೆ ಹೆದರಿಕೆ ಅಮ್ಮ. ಗೌಡರು ನನ್ನನ್ನು ಹೆಗಲ ಮೇಲೆ ಕೂರಿಸಿ ದಾಟಿಸ್ತಿದ್ರು. ಒಂದು ದಿನವೂ ಯಾರತ್ರವೂ ಹೇಳಿ ನಗಾಡ್ಲಿಲ್ಲ."

ಇಂಗ್ಲಿಷ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನನ್ನ ಕ್ಲಾಸಿನಲ್ಲಿ ಗಲಾಟೆ ಆದ್ರೆ ಅವರು ಕಿಟಕಿಯ ಹೊರಗೆ ಬಂದು ಸುಮ್ನೆ ನಿಲ್ತಿದ್ರು. ಮಕ್ಕಳು ತಣ್ಣಗಾಗ್ತಿದ್ರು. ಅದು ನನ್ನ ಪಾಠದ ಪ್ರಭಾವ ಅಂತ ನಾನು ತುಂಬ ವರ್ಷ ನಂಬಿದ್ದೆ."

ದೇವಕಿಯಮ್ಮ ನಕ್ಕರು. ನಗುತ್ತಾ ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಪಂಡಿತರೂ ಅತ್ತರು, ಇಂಗ್ಲಿಷ್ ಮೇಷ್ಟ್ರ ಕನ್ನಡಕ ಒರೆಸಿದಷ್ಟೂ ಒದ್ದೆಯಾಗುತ್ತಿತ್ತು. ಆಮೇಲೆ ದೇವಕಿಯಮ್ಮನೇ ಗಂಡನ ಕಥೆ ಹೇಳತೊಡಗಿದರು. ನಾವು ಏಳುವಾಗ ಬಿಸಿಲು ಇಳಿದಿತ್ತು.

"ಇನ್ನೂ ಉಂಟು ಹೇಳ್ಲಿಕ್ಕೆ. ಪುರುಸೊತ್ತಾದ್ರೆ ಬನ್ನಿ," ಎಂದರು.

ಇಬ್ಬರೂ ಮತ್ತೆ ಮತ್ತೆ ಹೋದರು, ಜೊತೆಯಾಗಿಯೇ. ಸತ್ತವರ ಮನೆಗೆ ಹಾಗೆ ಹೋಗುವುದನ್ನು ನಮ್ಮ ಊರಿನಲ್ಲಿ 'ಮಾತಾಡಿಸಿ ಬರುದು' ಎನ್ನುತ್ತಾರೆ. ಅದರ ವ್ಯುತ್ಪತ್ತಿಯನ್ನು ಈವರೆಗೆ ಯಾರೂ ಕೇಳಿಲ್ಲ.